ಕಂದುರೋಗಕ್ಕ ಜೀವಮಾನದಾಗ ಒಂದೇ ಸೂಜಿ, ಜೋನ್ಸ್‌ಗೆ ಒಂದೂ ಇಲ್ಲ. ಯಾಕ?

ಜಮಖಂಡಿ_ಎಮ್ಮಿ:
ಕಾಲುಬಾಯಿ ಬ್ಯಾನಿಗೆ 6 ತಿಂಗಳಿಗೊಮ್ಮೆ ಸೂಜಿ ಹಾಕ್ತಾರ. ಹೆಣ್ಣು, ಗಂಡು, ಗಬ್ಬ ಇದ್ದದ್ದು, ಹಾಲು ಕೊಡೂದು ಏನೂ ನೋಡಂಗಿಲ್ಲ. ಕಂದುರೋಗದ (ಬ್ರುಸೆಲ್ಲಾ ರೋಗಾಣುವಿನಿಂದ ಗಬ್ಬ ಬೀಳೂ ರೋಗ) ಸೂಜಿ ಅಂದ್ರ 4ರಿಂದ 8 ತಿಂಗಳದ ಹೆಣ್ಣುಗರಕ್ಕ ಮಾತ್ರ, ಅದೂ ಒಂದೇ ಸಲ. ದೊಡ್ಡ ಎಮ್ಮಿಗೆ ಹಾಕ್ರಿ ಅಂದ್ರ ಹಾಕಂಗಿಲ್ಲ. ಜೋನ್ಸ್ (ನೀರಿನಂಗ ಹೆಂಡಿ ಹಾಕಿ ದನ ಸೊರಗೂ ರೋಗ) ಮತ್ತ ಟಿಬಿಗೆ ಕೇಳೂದ ಬ್ಯಾಡ. ಇವಕ್ಕ ಲಸಿಕಿ ಮಾಡೂದು ಅಷ್ಟ ಕಠಿಣ ಏನೈತಿ? ತಿಳಿದವರು ಬಿಡಿಸಿ ಹೇಳ್ರಿ. "ಹತ್ತಿರದ ಡಾಕ್ಟರಿಗೆ ಕೇಳ್ರಿ" ಅನ್ನೂ ಉತ್ತರ ಬ್ಯಾಡ.

ಲಸಿಕೆ_ಲ್ಯಾಬ್:
ರೋಗಾಣು ಎಲ್ಲಿ ಕೂತಿರುತ್ತದೆ ಎಂಬುದರಲ್ಲೇ ಉತ್ತರ ಇದೆ. ಕಾಲುಬಾಯಿ ವೈರಸ್ಸನ್ನು ರಕ್ತದಲ್ಲಿರುವ ಪ್ರತಿಕಾಯಗಳು (ರೋಗಾಣುವಿಗೆ ಅಂಟಿಕೊಳ್ಳುವ ಪ್ರೋಟೀನ್‌ಗಳು) ಹಿಡಿದು ನಿಲ್ಲಿಸಬಲ್ಲವು. ಕೊಂದ ವೈರಸ್ಸನ್ನು ಎಣ್ಣೆಯಲ್ಲಿ ಬೆರೆಸಿ ಚುಚ್ಚಿದರೂ ಪ್ರತಿಕಾಯ ಹುಟ್ಟುತ್ತದೆ. ಅದು ಇಳಿದಾಗ ಮತ್ತೊಮ್ಮೆ ಚುಚ್ಚಿದರಾಯಿತು. ಬ್ರುಸೆಲ್ಲಾ, ಜೋನ್ಸ್, ಟಿಬಿ ಈ ಮೂರರ ಬಾಳು ಬೇರೆ. ರೋಗಾಣುವನ್ನು ನುಂಗಿ ಅರಗಿಸಬೇಕಾದ ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣದ ಹೊಟ್ಟೆಯಲ್ಲೇ ಇವು ಮನೆ ಮಾಡುತ್ತವೆ. ಕಳ್ಳ ಪೊಲೀಸ್ ಠಾಣೆಯೊಳಗೇ ಅಡಗಿದ ಹಾಗೆ. ಪ್ರತಿಕಾಯ ಹೊರಗೆ ಎಷ್ಟಿದ್ದರೂ ಅಲ್ಲಿಗೆ ಮುಟ್ಟುವುದಿಲ್ಲ. ಟಿ ಜೀವಕೋಶ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ವಸ್ತು ಬಿಟ್ಟು ಆ ಮ್ಯಾಕ್ರೋಫೇಜನ್ನು ಕೆರಳಿಸಿ, ಒಳಗಿರುವುದನ್ನು ಅದರಿಂದಲೇ ಕೊಲ್ಲಿಸಬೇಕು.

ಟಿ ಜೀವಕೋಶಕ್ಕೆ ಈ ಪಾಠ ಕಲಿಸಲು ಸತ್ತ ರೋಗಾಣು ಸಾಲದು. ಬಲಗುಂದಿದ ಜೀವಂತ ರೋಗಾಣು ಅದೇ ಜಾಗ ಹೊಕ್ಕು ಕೆಲವು ವಾರ ಬದುಕಿರಬೇಕು. ಕೊಂದ ಬ್ರುಸೆಲ್ಲಾ ಲಸಿಕೆ ಮಾಡಿ ನೋಡಿಲ್ಲವೆಂದಲ್ಲ. 45/20 ಎಂಬ ತಳಿಯನ್ನು ಎಣ್ಣೆಯಲ್ಲಿ ಬೆರೆಸಿ ಕೆಲವು ದೇಶಗಳಲ್ಲಿ ಬಳಸಿದರು. ಚುಚ್ಚಿದಲ್ಲಿ ಗಂಟು ಬಂತು, ರಕ್ತಪರೀಕ್ಷೆ ಗೊಂದಲವಾಯಿತು, ಕೈಬಿಟ್ಟರು.

ನಮ್ಮಲ್ಲಿ ಹಾಕುವುದು ಎಸ್-19. 1923ರಲ್ಲಿ ಅಮೆರಿಕದ ಜಾನ್ ಬಕ್ ಒಂದು ಜರ್ಸಿ ಹಸುವಿನ ಹಾಲಿನಿಂದ ಬೇರ್ಪಡಿಸಿದ ತಳಿ. ಅದನ್ನು ಬೆಳೆಸಿದ ಕೊಳವೆ ಲ್ಯಾಬಿನಲ್ಲಿ ಸಾಧಾರಣ ಉಷ್ಣಾಂಶದಲ್ಲಿ ವರ್ಷಕ್ಕೂ ಹೆಚ್ಚು ಕಾಲ ಹಾಗೇ ಉಳಿಯಿತು. ತೆಗೆದು ನೋಡಿದರೆ ರೋಗ ತರುವ ಕಸುವು ತಗ್ಗಿತ್ತು. ನೂರು ವರ್ಷವಾದರೂ ಇದನ್ನು ಪೂರ್ತಿ ಬದಿಗೆ ಸರಿಸುವ ಲಸಿಕೆ ಬಂದಿಲ್ಲ.

ಡೋಣಿಸಾಲು:
ವಯಸ್ಸಿನ ಮಾತು ನಾನು ಹೇಳ್ತೀನಿ. ಎಸ್-19 ಜೀವಂತ ಲಸಿಕೆ ಅನ್ನೂದು ಗಮನದಾಗ ಇರಲಿ. ಬ್ರುಸೆಲ್ಲಾಕ್ಕ ಗಬ್ಬದ ಗರ್ಭಕೋಶ ಅಂದ್ರ ಭಾಳ ಪ್ರೀತಿ. ದನ, ಎಮ್ಮಿ, ಕುರಿ, ಆಡಿನ ಮಾಸಿನಾಗ ಎರಿಥ್ರಿಟಾಲ್ ಅನ್ನೂ ಸಕ್ಕರಿಯಂಥಾ ವಸ್ತು ಇರತದ, ಅದನ್ನ ತಿಂದು ಕಾಡುತಳಿ ಹೆಚ್ಚತದ. ಎಸ್-19ಕ್ಕ ಅದನ್ನ ಅರಗಿಸಿಕೊಳ್ಳೂ ಜೀನು ಮುರದದ, ಉಲ್ಟಾ ಅದು ಇದ್ದಲ್ಲಿ ಅದರ ಬೆಳವಣಿಗಿ ಕುಗ್ಗತದ. ಆದ್ರೂ ಗಬ್ಬದ ದನಕ್ಕ ಪೂರ್ತಿ ಡೋಸ್ ಚುಚ್ಚಿದ್ರ ಕೆಲವು ಕಂದು ಹಾಕತಾವ, ಕೆಲವು ಹಾಲಿನಾಗ ಲಸಿಕೆ ರೋಗಾಣು ಬಿಡತಾವ. ಹೋರಿಗೆ ಹಾಕಿದ್ರ ವೃಷಣ ಬಾತು ಹೋರಿ ಕೆಲಸಕ್ಕ ಬರದಂಗ ಆಗಬಹುದು. 4 ತಿಂಗಳಿಗಿಂತ ಸಣ್ಣದಾದ್ರ ತಾಯಿ ಗಿಣ್ಣದ ಪ್ರತಿಕಾಯ ಇನ್ನೂ ಇರತಾವ. 8 ತಿಂಗಳು ದಾಟಿದ್ರ ಮುಂದ ರಕ್ತಪರೀಕ್ಷೆಯೊಳಗ ವರ್ಷಗಟ್ಟಲೆ "ರೋಗ ಐತಿ" ಅಂತ ತೋರಿಸ್ತದ. ಎರಡರ ನಡುವಿನ ಸಂದು ಈ 4ರಿಂದ 8.

ಈಗ ಸೂಜಿ ಎಲ್ಲಿ ಕೆಡತದ ಅನ್ನೂದು. ವಿಶ್ವ ಪಶು ಆರೋಗ್ಯ ಸಂಸ್ಥೆ ಹೇಳೂ ಪೂರ್ತಿ ಡೋಸಿನಾಗ 5,000ದಿಂದ 8,000 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಅವು ಬಾಟಲಿಯಿಂದ ಕರುವಿನ ಚರ್ಮದ ಕೆಳಗ ಹೋಗೂತನಕ ಜೀವ ಹಿಡಕೊಂಡಿರಬೇಕಲ್ಲ.

ಮೊದಲನೇದು, ಸಿರಿಂಜಿಗೆ ಸ್ಪಿರಿಟ್ ಅಥವಾ ಡೆಟಾಲ್ ಮುಟ್ಟಿಸಬಾರದು. ಕುದಿಸಿ ಆರಿಸಿದ್ದು, ಇಲ್ಲಾ ಹೊಸ ಪ್ಯಾಕೆಟ್. ಚರ್ಮಕ್ಕ ಸ್ಪಿರಿಟ್ ಹಚ್ಚಿದ್ರ ಪೂರ್ತಿ ಆರೂತನಕ ಕಾಯ್ರಿ. ಎರಡನೇದು, ಒಣಪುಡಿಗೆ ಅದರ ಜೋಡಿ ಬಂದ ದ್ರಾವಣನ ಹಾಕಬೇಕು. 5 ಡೋಸಿನ ಬಾಟಲಿಗೆ 10 ಮಿಲಿ, ಕರುವಿಗೆ 2 ಮಿಲಿ ಅನ್ನೂದು ರೂಢಿ, ಆದ್ರೂ ಲೇಬಲ್ ಓದ್ರಿ. ದ್ರಾವಣನೂ ಐಸಿನಾಗ ತಂಪಾಗಿರಬೇಕು. ವಿಜಯಪುರದ ಏಪ್ರಿಲ್ ಬಿಸಲಾಗ ಬೈಕಿನ ಡಿಕ್ಕಿಯೊಳಗ ಇಟ್ಟ ದ್ರಾವಣ ತಣ್ಣನ ಪುಡಿಗೆ ಹಾಕಿದ್ರ ಅಲ್ಲೇ ಅರ್ಧ ಸತ್ತಂಗ. ಬಾಟಲಿ ಗೋಡಿಗೆ ಹಚ್ಚಿ ನಿಧಾನ ಬಿಡಬೇಕು, ಮೆಲ್ಲಕ ತಿರುವಬೇಕು, ಮಜ್ಜಗಿ ಕಡದಂಗ ನೊರಿ ಎಬ್ಬಿಸಬಾರದು. ಮೂರನೇದು, ಆಜೂಬಾಜೂ ದಿನದಾಗ ಆಕ್ಸಿಟೆಟ್ರಾಸೈಕ್ಲಿನ್ ಅನ್ನೂ ಬ್ಯಾಕ್ಟೀರಿಯಾ ಕೊಲ್ಲೂ ಔಷಧ ಹಾಕಿದ್ರ ಲಸಿಕೆ ವ್ಯರ್ಥ. ಜ್ವರ ಇದ್ದ ಕರುವಿಗೆ ಇವತ್ತ ಬಿಟ್ಟು ಮುಂದಿನ ಸಲ ಹಾಕ್ರಿ.

ಕಿವಿಗೆ 12 ಅಂಕಿಯ ಬಿಲ್ಲೆ ಇಲ್ಲದ ಲಸಿಕೆ ಹಾಕಿದ್ರ ಮುಂದ ಯಾವುದಕ್ಕ ಹಾಕೀವಿ ಅನ್ನೂದ ಗೊತ್ತಾಗಂಗಿಲ್ಲ.

ಗೋಕಾಕ_ಎಣಿಕೆ:
ಈ 4ರಿಂದ 8ರ ಲೆಕ್ಕದಲ್ಲಿ ಒಂದು ತೂತು ಇದೆ, ಯಾರೂ ಮಾತಾಡುವುದಿಲ್ಲ. ಕಿಟಕಿ 4 ತಿಂಗಳಷ್ಟೇ ತೆರೆದಿರುತ್ತದೆ. ಕಾಲುಬಾಯಿ ಸುತ್ತು 6 ತಿಂಗಳಿಗೊಮ್ಮೆ. "ಹೇಗೂ ಊರಿಗೆ ಹೋಗಿದ್ದೇವೆ, ಇದನ್ನೂ ಹಾಕಿಬಿಡೋಣ" ಎಂದು ಎರಡನ್ನೂ ಜೋಡಿಸಿದರೆ ಏನಾಗುತ್ತದೆ? ಸುತ್ತು ಬಂದಾಗ 3 ತಿಂಗಳಿದ್ದ ಕರು ಚಿಕ್ಕದೆಂದು ಬಿಟ್ಟುಹೋಗುತ್ತದೆ, ಮುಂದಿನ ಸುತ್ತಿಗೆ 9 ತಿಂಗಳಾಗಿ ದೊಡ್ಡದೆಂದು ಬಿಟ್ಟುಹೋಗುತ್ತದೆ. 2ರಿಂದ 4 ತಿಂಗಳ ನಡುವೆ ಸಿಕ್ಕ ಎಲ್ಲ ಕರುಗಳ ಗತಿ ಇದೇ. ವರ್ಷವಿಡೀ ಒಂದೇ ಸಮ ಕರು ಹುಟ್ಟುತ್ತವೆ ಎಂದುಕೊಂಡರೆ ಮೂರರಲ್ಲಿ ಒಂದು ತಪ್ಪಿತು. ಎಸ್-19 ಪೂರ್ತಿ ಕಾಪಾಡುವುದು ಹಳೆಯ ಪ್ರಯೋಗಗಳ ಪ್ರಕಾರ ಶೇ. 65ರಿಂದ 75. ಮೂರನೇ ಎರಡನ್ನು 70ರಿಂದ ಗುಣಿಸಿದರೆ ಶೇ. 47. ಎಮ್ಮೆಗಳು ವರ್ಷದ ಕೆಲವೇ ತಿಂಗಳಲ್ಲಿ ಗುಂಪಾಗಿ ಈಯುವ ನಮ್ಮ ಕಡೆ ಲೆಕ್ಕ ಇನ್ನೂ ಏರುಪೇರು. ಪರಿಹಾರ ಸರಳ: ಕಂದುರೋಗದ ಸುತ್ತನ್ನು 4 ತಿಂಗಳಿಗೊಮ್ಮೆ ಬೇರೆಯಾಗಿಯೇ ಹೊರಡಿಸಬೇಕು, ಇಲ್ಲವೇ ಕರು ಹುಟ್ಟಿದ ದಿನ ಡೇರಿ ಕಾರ್ಯದರ್ಶಿಯ ವಹಿಯಲ್ಲಿ ಬರೆದಿಟ್ಟು 4 ತಿಂಗಳು ತುಂಬಿದ ಕೂಡಲೇ ಕರೆಸಬೇಕು. 2019ರ ಸೆಪ್ಟೆಂಬರಿನಲ್ಲಿ ಮಥುರಾದಲ್ಲಿ ಜಾನುವಾರು ರೋಗ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದಾಗ ಎರಡೂ ರೋಗಗಳನ್ನು ಒಂದೇ ಹೆಸರಿನಡಿ ಇಟ್ಟರು. ಕಾಗದದ ಮೇಲೆ ಚೆಂದ, ಕ್ಯಾಲೆಂಡರ್ ಮಾತ್ರ ಬೇರೆ ಬೇರೆ.

ಜಮಖಂಡಿ_ಎಮ್ಮಿ:
ಅಣ್ಣಾರ, ಹಂಗಾರ 7ನೇ ತಿಂಗಳಿಗೆ ಕಂದು ಹಾಕಿದ ಎಮ್ಮಿ ರಕ್ತ ಕಳಿಸಿದ್ರ "ಪಾಸಿಟಿವ್" ಅಂತ ಬಂತಂದ್ರ, ಅದು ರೋಗದ್ದೋ ಸಣ್ಣದಿದ್ದಾಗ ಹಾಕಿದ ಸೂಜಿದೋ ಹೆಂಗ ತಿಳೀಬೇಕು?

ಲಸಿಕೆ_ಲ್ಯಾಬ್:
ಲಸಿಕೆ ಮಾಡುವವರ ನಿಜವಾದ ತಲೆನೋವು ಇದೇ. ರೋಗ ತಡೆಯುವುದಕ್ಕಿಂತ, ಲಸಿಕೆ ಹಾಕಿದ್ದನ್ನೂ ರೋಗ ತಗುಲಿದ್ದನ್ನೂ ಬೇರೆ ಮಾಡಿ ತೋರಿಸುವುದು ಕಷ್ಟ.

ಬ್ರುಸೆಲ್ಲಾದ ಹೊರಮೈ ಮೇಲೆ ಓ-ಸರಪಳಿ ಎಂಬ ಸಕ್ಕರೆಯ ಉದ್ದನೆಯ ಕೂದಲು ಇರುತ್ತದೆ. ರೋಸ್ ಬೆಂಗಾಲ್ ಪರೀಕ್ಷೆ ಅದರ ವಿರುದ್ಧದ ಪ್ರತಿಕಾಯವನ್ನೇ ಹಿಡಿಯುವುದು: 30 ಮೈಕ್ರೋಲೀಟರ್ ಸೀರಂ (ರಕ್ತದ ತಿಳಿ), ಅಷ್ಟೇ ಗುಲಾಬಿ ಬಣ್ಣದ ಆಂಟಿಜನ್ (ಬಣ್ಣ ಹಚ್ಚಿದ ಕೊಂದ ಬ್ರುಸೆಲ್ಲಾ), ಬಿಳಿ ಬಿಲ್ಲೆಯ ಮೇಲೆ ಕಲಸಿ 4 ನಿಮಿಷ ತೂಗಿದರೆ ಕಣಕಣವಾಗಿ ಗರಣೆ ಕಟ್ಟುತ್ತದೆ. ಫ್ರಿಜ್‌ನಿಂದ ತೆಗೆದ ಕೂಡಲೇ ಮಾಡಬೇಡಿ, ಎರಡೂ ಕೋಣೆಯ ಉಷ್ಣಾಂಶಕ್ಕೆ ಬರಲಿ. 4 ನಿಮಿಷ ದಾಟಿಸಿ ನೋಡಿದರೆ ಇಲ್ಲದ್ದೂ ಕಾಣುತ್ತದೆ. ಎಸ್-19ಕ್ಕೂ ಅದೇ ಕೂದಲು ಇದೆ. ಆದ್ದರಿಂದ ಪರೀಕ್ಷೆಗೆ ಎರಡೂ ಒಂದೇ. ಸರಿಯಾದ ವಯಸ್ಸಿನಲ್ಲಿ ಹಾಕಿದ್ದರೆ ಕರು ದೊಡ್ಡದಾಗುವಷ್ಟರಲ್ಲಿ ಬಹುತೇಕ ಇಳಿದಿರುತ್ತದೆ. ನಿಮ್ಮ ಎಮ್ಮೆಯ ವಿಷಯದಲ್ಲಿ ಕಂದು ಹಾಕಿದ್ದು ಕಣ್ಣ ಮುಂದಿದೆ, ಪಾಸಿಟಿವ್ ಬಂದಿದೆ. ರೋಗ ಎಂದೇ ನಡೆಸಿ. ಖಚಿತವಾಗಬೇಕಾದರೆ ಮಾಸು ಅಥವಾ ಕಂದಿನ ಹೊಟ್ಟೆಯ ದ್ರವದಿಂದ ರೋಗಾಣು ಬೆಳೆಸಿಯೋ ಪಿಸಿಆರ್ ಮಾಡಿಯೋ ನೋಡಬೇಕು.

ದಾರಿ ಹುಡುಕಿದವರು ಆ ಕೂದಲನ್ನೇ ಬೋಳಿಸಿದರು. ಆರ್‌ಬಿ-51 ಅಂಥ ಬೋಳು ತಳಿ. ಅಮೆರಿಕ 1996ರಿಂದ ಎಸ್-19 ಬಿಟ್ಟು ಇದನ್ನು ಹಿಡಿಯಿತು. ನಮ್ಮ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಎಸ್-19ರಲ್ಲಿ ಕೂದಲು ಕಟ್ಟುವ ಪರ್ ಎಂಬ ಜೀನನ್ನು ಕತ್ತರಿಸಿ ಹೊಸ ತಳಿ ಮಾಡಿದ್ದಾರೆ, ಲೆಕ್ಕಾಚಾರ ಅದೇ.

ಅಥಣಿ_ಹೈನು:
ಹಾಗಾದರೆ ಆರ್‌ಬಿ-51 ತರಿಸಿ ಎಲ್ಲಕ್ಕೂ ಹಾಕಿದರೆ ಮುಗಿಯಿತಲ್ಲ ಸರ್? ಹಳೇ ಎಸ್-19 ಹಿಡಿದು ಕೂತಿರುವುದು ಬರೀ ಜಡತನ ಅನಿಸುತ್ತದೆ.

ಡೋಣಿಸಾಲು:
ಜಡತನ ಅಲ್ಲರಿ. ಆರ್‌ಬಿ-51 ರಿಫಾಂಪಿಸಿನ್‌ಗೆ ಬಗ್ಗಂಗಿಲ್ಲ, ಅಂದ್ರ ಆ ಔಷಧಕ್ಕ ಸಾಯಂಗಿಲ್ಲ. ಮನುಷ್ಯರಿಗೆ ಕಂದುರೋಗ ಬಂದ್ರ ಡಾಕ್ಟರು ಕೊಡೂದ ಡಾಕ್ಸಿಸೈಕ್ಲಿನ್ ಜೋಡಿ ರಿಫಾಂಪಿಸಿನ್. ಅದರ ಮ್ಯಾಲೆ, ಕೂದಲು ಇಲ್ಲದ್ದಕ್ಕ ಮನುಷ್ಯರ ರಕ್ತಪರೀಕ್ಷೆಯೊಳಗೂ ಅದು ಸಿಗಂಗಿಲ್ಲ. 2017ರಾಗ ಟೆಕ್ಸಾಸಿನಾಗ ಹಸಿ ಹಾಲು ಕುಡದವರಿಗೆ ಇದೇ ಲಸಿಕೆ ತಳಿಯಿಂದ ರೋಗ ಬಂದದ್ದು ದಾಖಲಾಗೇತಿ. ನಮ್ಮಲ್ಲಿ ದನದ ಕೆಲಸ ಮಾಡವರು ಎಷ್ಟು ಮಂದಿ, ಈಸೂ ಮುಂದ ಕೈಗವಸು ಹಾಕವರು ಎಷ್ಟು ಮಂದಿ?

ಸೂಜಿ ಕೈಗೆ ಚುಚ್ಚಿತು, ಕಣ್ಣಿಗೆ ಹಾರಿತು ಅಂದ್ರ ಸೋಪು ನೀರಿನಿಂದ ತೊಳೀರಿ, ಕಣ್ಣಾದ್ರ ಬರೇ ನೀರಿನಿಂದ 15 ನಿಮಿಷ, ಆಮ್ಯಾಲೆ ಖಾಲಿ ಬಾಟಲಿ ಹಿಡಕೊಂಡ ದವಾಖಾನಿಗೆ ಹೋಗ್ರಿ. ಎಸ್-19 ಆದ್ರ ಒಂದು ಔಷಧ, ಆರ್‌ಬಿ-51 ಆದ್ರ ರಿಫಾಂಪಿಸಿನ್ ಬ್ಯಾಡ, ರೆವ್-1 (ಕುರಿ, ಆಡಿಗೆ ಹಾಕೂ ಬ್ರುಸೆಲ್ಲಾ ಲಸಿಕೆ) ಆದ್ರ ಸ್ಟ್ರೆಪ್ಟೋಮೈಸಿನ್ ಬ್ಯಾಡ. ಬಾಟಲಿ ನೋಡದ ಯಾವ ಡಾಕ್ಟರಿಗೂ ಇದು ತಿಳಿಯಂಗಿಲ್ಲ.

ಲಸಿಕೆ_ಲ್ಯಾಬ್:
ಇನ್ನೊಂದು ಮಾತು. ಎಸ್-19 ಹಳೆಯದು ನಿಜ, ಆದರೆ ಅದನ್ನು ಸರಿಯಾಗಿ ಮಾಡುವುದೂ ಸುಲಭವಲ್ಲ. ಬೀಜ ತಳಿಯಿಂದ ಹೆಚ್ಚು ತಲೆಮಾರು ಬೆಳೆಸಿದಷ್ಟೂ ಅದು ತಾನಾಗಿ ಬೋಳಾಗುತ್ತ ಹೋಗುತ್ತದೆ. ಬೋಳಾದ ಎಸ್-19 ಸರಿಯಾಗಿ ಕಾಪಾಡುವುದಿಲ್ಲ. ಹಾಗಾಗಿ ಪ್ರತಿ ಬ್ಯಾಚಿನ ತಟ್ಟೆಯ ಮೇಲೆ ಕ್ರಿಸ್ಟಲ್ ವಯಲೆಟ್ ಎಂಬ ಬಣ್ಣ ಸುರಿದು ನೋಡುತ್ತಾರೆ: ಕೂದಲಿರುವ ನುಣುಪು ವಸಾಹತು (ಬ್ಯಾಕ್ಟೀರಿಯಾ ಗುಂಪು) ಬಣ್ಣ ಹಿಡಿಯುವುದಿಲ್ಲ, ಬೋಳು ವಸಾಹತು ನೇರಳೆಯಾಗುತ್ತದೆ. ಎರಡನೆಯದು ತಳಿಯ ಗುರುತು. ಪೆನಿಸಿಲಿನ್ ಮಿಲಿಗೆ 5 ಯೂನಿಟ್, ಥಯೋನಿನ್ ಬ್ಲೂ 2 ಮೈಕ್ರೋಗ್ರಾಂ, ಎರಿಥ್ರಿಟಾಲ್ 1 ಮಿಲಿಗ್ರಾಂ ಹಾಕಿದ ಬೇರೆ ಬೇರೆ ತಟ್ಟೆಗಳಲ್ಲಿ ಎಸ್-19 ಬೆಳೆಯಬಾರದು. ಬೆಳೆಯಿತೋ, ಅದು ಎಸ್-19 ಆಗಿ ಉಳಿದಿಲ್ಲ. ಮೂರನೆಯದು ಇಲಿ ಪರೀಕ್ಷೆ: ಲಸಿಕೆ ಕೊಟ್ಟು 30 ದಿನಕ್ಕೆ 544 ಎಂಬ ರೋಗಕಾರಕ ತಳಿ ಚುಚ್ಚಿ, 15 ದಿನ ಬಿಟ್ಟು ಗುಲ್ಮದಲ್ಲಿ ಎಷ್ಟು ಬ್ಯಾಕ್ಟೀರಿಯಾ ಉಳಿದಿವೆ ಎಂದು ಎಣಿಸುವುದು. ಪ್ರತಿಕಾಯ ಎಷ್ಟು ಎದ್ದಿತು ಎಂದು ಅಳೆದರೆ ಇಲ್ಲಿ ಏನೂ ತಿಳಿಯದು.

ಹುನಗುಂದ_ಕುರಿಮಂದಿ:
ಬರೇ ಎಮ್ಮಿ, ದನ ಅಂತೀರಿ. ಅಮೀನಗಡ ಸಂತಿಗೆ ಬರೂ ಕುರಿ ಏನು ಪಾಪ ಮಾಡ್ಯಾವ?

ಕುರಿ, ಆಡಿನ ಬ್ರುಸೆಲ್ಲಾ ಬೇರೆ ಜಾತಿ, ಮೆಲಿಟೆನ್ಸಿಸ್ ಅಂತಾರ, ಮನುಷ್ಯಾರಿಗೆ ಎಲ್ಲಕ್ಕಿಂತ ಕೆಟ್ಟದ್ದು ಅದ. ಅದಕ್ಕ ಬ್ಯಾರೆ ದೇಶದಾಗ ರೆವ್-1 ಲಸಿಕಿ ಐತಿ: 3ರಿಂದ 6 ತಿಂಗಳ ಮರಿಗೆ ಕಣ್ಣಾಗ ಒಂದು ಹನಿ, ಹನಿಯೊಳಗ ಸುಮಾರು 100 ಕೋಟಿ ಬ್ಯಾಕ್ಟೀರಿಯಾ. ಕಣ್ಣಿಗೆ ಹಾಕಿದ್ರ ಪ್ರತಿಕಾಯ ಬೇಗ ಇಳೀತಾವ, ಚರ್ಮದ ಕೆಳಗ ಹಾಕಿದ್ರ ಭಾಳ ದಿನ ನಿಲ್ತಾವ. ಗಬ್ಬದ ಕುರಿಗೆ ಹಾಕಿದ್ರ ಕಂದು ಹಾಕೂ ಅಪಾಯ ಭಾಳ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಸೂಜಿ ದನ, ಎಮ್ಮಿ ಕರಕ್ಕಷ್ಟ. ಒಂದೇ ಹೊಲದಾಗ ಕುರಿ ತರುಬಿ, ಅದೇ ಹೊಲದಾಗ ಮರುದಿನ ದನ ಬಿಡೂ ನಾಡಿನಾಗ ಕುರಿ ಬಿಟ್ಟು ದನಕ್ಕಷ್ಟ ಹಾಕೂದು ಅರ್ಧ ಬೇಲಿ ಕಟ್ಟಿದಂಗ.

ಇನ್ನೊಂದು ರೋಗ ಯಾರೂ ಹೆಸರ ಹೇಳಲಿಲ್ಲ. ಗದ್ದದ ಕೆಳಗ, ಹೆಗಲ ಮುಂದ ಗಂಟು, ಒಡದ್ರ ಹಸರ ಬಣ್ಣದ ಗಟ್ಟಿ ಕೀವು, ಹಳೇದಾದ್ರ ಉಳ್ಳಾಗಡ್ಡಿ ಪದರಿನಂಗ. ಕೊರಿನೆಬ್ಯಾಕ್ಟೀರಿಯಂ ಸ್ಯೂಡೋಟ್ಯುಬರ್ಕ್ಯುಲೋಸಿಸ್ ಅಂತ ಅದರ ಹೆಸರು, ನಾಲಗಿ ತಿರಗಂಗಿಲ್ಲ. ಇದಕ್ಕ ಲಸಿಕಿ ಮಾಡೂದು ಉಳಿದವಕ್ಕಿಂತ ಹಗುರ. ಆ ರೋಗಾಣು ಫಾಸ್ಫೊಲೈಪೇಸ್-ಡಿ ಅನ್ನೂ ವಿಷ ಬಿಟ್ಟು ರಕ್ತನಾಳ ಸೋರಂಗ ಮಾಡಿ ಮೈಯಾಗ ಹರಡತೈತಿ. ಆ ವಿಷಾನ ಫಾರ್ಮಾಲಿನ್‌ನಿಂದ ಸತ್ವ ತೆಗದು ಚುಚ್ಚಿದ್ರ ವಿಷಕ್ಕ ಪ್ರತಿಕಾಯ ಹುಟ್ಟಿ ಹರಡೂದು ನಿಲ್ಲತೈತಿ. ಆಸ್ಟ್ರೇಲಿಯಾದಾಗ ಹಿಂಗ ಮಾಡಿದ್ದು ಭಾಳ ವರ್ಷದಿಂದ ನಡದೈತಿ: ಮರಿಗೆ ಎರಡು ಸಲ, ನಡುವೆ ಒಂದು ತಿಂಗಳ ಮ್ಯಾಲೆ ಅಂತರ, ಆಮ್ಯಾಲೆ ವರ್ಷಕ್ಕೊಮ್ಮೆ. ಮೊದಲ ಆಗಿದ್ದ ಗಂಟು ಮಾತ್ರ ಕರಗಂಗಿಲ್ಲ.

ಸೂಜಿ ಕೈಗೆ ಬರೂತನಕ ತುಪ್ಪಟ ಕತ್ತರಿಸೂ ಮುಂದ ಮರಿಗಳದ್ದು ಮೊದಲ, ಗಂಟಿದ್ದದ್ದು ಕಟ್ಟಕಡೀಗೆ. ನಡುವೆ ಗಂಟು ಒಡೀತಂದ್ರ ಕತ್ರಿ ಸೋಂಕುನಾಶಕದಾಗ ಅದ್ದದ ಮುಂದಿನ ಕುರಿ ಮುಟ್ಟಬ್ಯಾಡ್ರಿ. ಕೀವು ಹಟ್ಟಿ ಮಣ್ಣಿಗೆ ಬಿದ್ರ ತಿಂಗಳಗಟ್ಟಲೆ ಬದುಕತೈತಿ, ತೆಗದು ಸುಡ್ರಿ.

ಜಮಖಂಡಿ_ಎಮ್ಮಿ:
ಜೋನ್ಸ್ ಉಳೀತಲ್ರೀ. ತಿನ್ನೂದು ತಿಂತೈತಿ, ನೀರಿನಂಗ ಹೆಂಡಿ, ಗದ್ದಕ್ಕ ಬಾವು, ಎಲವು ಎಣಿಸಬಹುದು.

ಲಸಿಕೆ_ಲ್ಯಾಬ್:
ಜೋನ್ಸ್ ಇವೆಲ್ಲದರ ಅಜ್ಜ. 1895ರಲ್ಲೇ ಡ್ರೆಸ್ಡೆನ್‌ನಲ್ಲಿ ಯೋನ ಮತ್ತು ಫ್ರಾದಿಂಗ್‌ಹ್ಯಾಮ್ ಗುರುತಿಸಿದರು, 1926ರಲ್ಲಿ ಫ್ರಾನ್ಸಿನಲ್ಲಿ ಮೊದಲ ಲಸಿಕೆ ಬಂತು. ಅಂದರೆ ಲಸಿಕೆ ಇಲ್ಲವೆನ್ನುವುದು ಸರಿಯಲ್ಲ, ಒಪ್ಪುವಂಥದ್ದು ಇಲ್ಲ. ಕೊಂದ 316ಎಫ್ ತಳಿಯನ್ನು ಎಣ್ಣೆಯಲ್ಲಿ ಬೆರೆಸಿದ ಲಸಿಕೆ ಆಸ್ಟ್ರೇಲಿಯಾ, ಸ್ಪೇನ್‌ನ ಕುರಿಗಳಲ್ಲಿ ನಡೆಯುತ್ತದೆ: 4ರಿಂದ 16 ವಾರದ ಮರಿಗೆ ಕಿವಿಯ ಹಿಂದೆ ಕುತ್ತಿಗೆಯ ಮೇಲ್ಭಾಗದಲ್ಲಿ 1 ಮಿಲಿ, ಒಂದೇ ಸಲ. ಸಾವು ಬಹಳ ಇಳಿಯುತ್ತದೆ, ಹಿಕ್ಕೆಯಲ್ಲಿ ರೋಗಾಣು ಬೀಳುವುದು ತಡವಾಗುತ್ತದೆ, ಕಡಿಮೆಯಾಗುತ್ತದೆ. ಸೋಂಕು ಮಾತ್ರ ನಿಲ್ಲುವುದಿಲ್ಲ. ಚುಚ್ಚಿದಲ್ಲಿ ಗಂಟು ಉಳಿಯುತ್ತದೆ. ಆ ಎಣ್ಣೆ ಲಸಿಕೆ ಬೆರಳಿಗೆ ಚುಚ್ಚಿಕೊಂಡರೆ ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು. ಮಥುರಾ ಬಳಿಯ ಮಖ್ದೂಮ್‌ನ ಕೇಂದ್ರೀಯ ಆಡು ಸಂಶೋಧನಾ ಸಂಸ್ಥೆಯವರು ದೇಶಿ 'ಇಂಡಿಯನ್ ಬೈಸನ್ ಟೈಪ್' ಎಸ್-5 ತಳಿಯನ್ನು ಕೊಂದು, ಎಣ್ಣೆಯ ಬದಲು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಜೆಲ್‌ನಲ್ಲಿ ಮಾಡಿದ್ದಾರೆ.

ದನದಲ್ಲಿ ಯಾಕೆ ಹಾಕುವುದಿಲ್ಲ? ಜೋನ್ಸ್ ಲಸಿಕೆ ಹಾಕಿದ ದನ ಟಿಬಿಯ ಚರ್ಮ ಪರೀಕ್ಷೆಯಲ್ಲಿ ಚುಚ್ಚಿದ ಜಾಗ ಬಾತು ಟಿಬಿ ಇದ್ದಂತೆ ತೋರಿಸುತ್ತದೆ, ಎರಡೂ ಒಂದೇ ಕುಲದ ರೋಗಾಣು. ಟಿಬಿಗೆ ಬಿಸಿಜಿ ಹಾಕಿದರೂ ಅದೇ ಕಥೆ. ತಮಾಷೆ ಎಂದರೆ ಬಿಸಿಜಿ ಹುಟ್ಟಿದ್ದೇ ದನದ ಟಿಬಿ ರೋಗಾಣುವಿನಿಂದ. 1908ರಿಂದ 1921ರವರೆಗೆ 230 ಸಲ ಮರುಬೆಳೆಸಿ ಅದನ್ನು ಪಳಗಿಸಿದರು. ಮನುಷ್ಯರ ಮಕ್ಕಳಿಗೆ ಹೋಯಿತು, ದನಕ್ಕೆ ಬರಲಿಲ್ಲ. ಈಗ ಬಿಸಿಜಿಯಲ್ಲಿ ಇಲ್ಲದ ಈಸ್ಯಾಟ್-6, ಸಿಎಫ್‌ಪಿ-10 ಪ್ರೋಟೀನ್‌ಗಳನ್ನು ಸೇರಿಸಿ ಹೊಸ ಚರ್ಮ ಪರೀಕ್ಷೆ ಮಾಡಿ, 2021ರಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಜೋಡಿಯಾಗಿ ಪ್ರಯೋಗಕ್ಕೆ ಇಳಿಸಿದ್ದಾರೆ. ಅಲ್ಲಿ ಪಾಸಿಟಿವ್ ಬಂದ ದನವನ್ನು ಕೊಲ್ಲುತ್ತಾರೆ. ನಮ್ಮ ರಾಜ್ಯದ 2020ರ ಗೋಹತ್ಯೆ ನಿಷೇಧ ಕಾಯ್ದೆಯಲ್ಲಿ ಆ ದಾರಿ ಬಹಳ ಕಿರಿದು: 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ, ರೋಗ ಹರಡದಂತೆ ಕೊಲ್ಲಬೇಕೆಂದು ಪಶುವೈದ್ಯರು ಪ್ರಮಾಣಪತ್ರ ಕೊಟ್ಟಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಪರೀಕ್ಷಿಸಿ ಕೊಲ್ಲುವ ದೇಶಕ್ಕೆ ಲಸಿಕೆ ಅನುಕೂಲ, ಹಾಗೆ ಕೊಲ್ಲುವುದು ಕಷ್ಟವಾದ ಕಡೆ ಅನಿವಾರ್ಯ.

ಅಥಣಿ_ಹೈನು:
ಅನಿವಾರ್ಯ ಅನ್ನುತ್ತೀರಿ, ಹಾಗಾದರೆ ಇಲ್ಲೇ ನಾಲ್ಕು ಊರು ಹಿಡಿದು ಪ್ರಯೋಗ ಮಾಡಲು ಏನಡ್ಡಿ?

ಗೋಕಾಕ_ಎಣಿಕೆ:
ಕಾಲವೇ ಅಡ್ಡಿ. ಇ-ಕೊಲೈ 20 ನಿಮಿಷಕ್ಕೆ ಇಮ್ಮಡಿಯಾದರೆ ಜೋನ್ಸ್ ರೋಗಾಣುವಿಗೆ 20 ಗಂಟೆಗೂ ಹೆಚ್ಚು ಬೇಕು. ಸಗಣಿಯಿಂದ ಬೆಳೆಸಲು ಮೈಕೋಬ್ಯಾಕ್ಟಿನ್ ಎಂಬ ಬೆಳವಣಿಗೆಗೆ ಬೇಕಾದ ವಸ್ತು ಹಾಕಿದ ಮೊಟ್ಟೆಯ ಹಳದಿಯ ಮಾಧ್ಯಮದಲ್ಲಿ 8ರಿಂದ 16 ವಾರ ಕಾಯಬೇಕು. ಕರುವಾಗಿದ್ದಾಗ ತಗುಲಿದ ರೋಗ ಕಾಣುವುದು 2ರಿಂದ 5 ವರ್ಷಕ್ಕೆ.

ಲೆಕ್ಕ ಹಾಕೋಣ. ಲಸಿಕೆ ಇಲ್ಲದ ಕರುಗಳಲ್ಲಿ ಶೇ. 30, ಲಸಿಕೆ ಹಾಕಿದ್ದರಲ್ಲಿ ಶೇ. 15 ಸೋಂಕು ಎಂದು ಊಹಿಸಿ. ಈ ವ್ಯತ್ಯಾಸವನ್ನು ಶೇ. 80 ನೆಚ್ಚಿಕೆಯಿಂದ ಹಿಡಿಯಲು ಪ್ರತಿ ಗುಂಪಿಗೆ ಸುಮಾರು 120 ಬೇಕು. ಒಂದು ದಡ್ಡಿಯ ದನಗಳ ಗತಿ ಒಂದೇ ಥರ ಇರುವುದರಿಂದ, ದಡ್ಡಿಗೆ 5 ದನ, ಅವುಗಳ ನಡುವಿನ ಹೋಲಿಕೆಯ ಅಳತೆ 0.1 ಎಂದರೆ 1.4ರಿಂದ (1 + 4 × 0.1) ಗುಣಿಸಿ: 168. ಇನ್ನು ಸಂತೆ. ವರ್ಷಕ್ಕೆ ಐದರಲ್ಲಿ ಒಂದು ಮಾರಾಟವಾದರೆ 3 ವರ್ಷಕ್ಕೆ ಉಳಿಯುವುದು ಅರ್ಧದ ಆಸುಪಾಸು. ಅಂದರೆ ಶುರುವಿನಲ್ಲೇ ಗುಂಪಿಗೆ ಸುಮಾರು 330 ಕರು. ನಾಲ್ಕು ಊರಿನ ಮಾತಲ್ಲ.

ಮತ್ತೊಂದು ಗುಂಡಿ: ಒಂದೇ ದಡ್ಡಿಯಲ್ಲಿ ಅರ್ಧಕ್ಕೆ ಹಾಕಿ ಅರ್ಧ ಬಿಟ್ಟರೆ, ಹಾಕಿದವು ಸಗಣಿಯಲ್ಲಿ ಕಡಿಮೆ ಉದುರಿಸುವುದರಿಂದ ಬಿಟ್ಟವಕ್ಕೂ ಸೋಂಕು ತಗ್ಗುತ್ತದೆ. ಕೊನೆಗೆ ಎರಡೂ ಒಂದೇ ಸಮ ಕಂಡು, ಒಳ್ಳೆಯ ಲಸಿಕೆಯೇ ಕೆಲಸಕ್ಕೆ ಬಾರದ್ದೆಂದು ಬರೆದುಬಿಡುತ್ತಾರೆ. ಇಡೀ ದಡ್ಡಿಗೇ ಹಾಕಬೇಕು, ಇಲ್ಲವೇ ಇಡೀ ದಡ್ಡಿಯನ್ನೇ ಬಿಡಬೇಕು.

ಜಮಖಂಡಿ_ಎಮ್ಮಿ:
ತಿಳೀತ್ರಿ. ಅಲ್ಲೀತನಕ ಕರ ಉಳಸೂದು ಹೆಂಗ? "ಹುಟ್ಟಿದ ಕೂಡಲೇ ತಾಯಿಯಿಂದ ಬೇರೆ ಮಾಡ್ರಿ" ಅಂತ ಎಲ್ಲಾರೂ ಬರೀತಾರ. ಕರ ಮುಂದ ಇಲ್ಲದ ನಮ್ಮ ಎಮ್ಮಿ ಹಾಲು ಇಳಸಂಗಿಲ್ಲ.

ಡೋಣಿಸಾಲು:
ಅದು ಹೋಲ್‌ಸ್ಟೀನ್ ಸಾಕೋ ದೇಶದ ಪುಸ್ತಕದ ಮಾತು. ಇಲ್ಲಿ ಹಿಂಗ ಮಾಡ್ರಿ. ಈಯೂ ಜಾಗ ಬ್ಯಾರೆ ಇರಲಿ, ಹಳೇ ಹೆಂಡಿ ತೆಗದು ಸುಣ್ಣ ಹಾಕಿ ಹೊಸ ಕನಕಿ ಹಾಸ್ರಿ. ಹಿಂಡೂ ಮುಂದ ಮೊದಲ ಕೆಚ್ಚಲು, ತೊಡಿ ಒಳಮೈ, ಬಾಲ ಬಿಸಿನೀರಿಂದ ತೊಳೀರಿ. ಕರ ಬಿಡೂದು ಆಮ್ಯಾಲೆ. ಹಾಲು ಇಳಿದ ಕೂಡಲೇ ಕರ ತೆಗದು ಎತ್ತರದ ಕಟ್ಟಿ ಮ್ಯಾಲೆ, ದೊಡ್ಡ ದನದ ಹೆಂಡಿ, ಉಚ್ಚಿ ಹರದು ಬರದಲ್ಲಿ ಕಟ್ರಿ. ದೊಡ್ಡವು ತಿಂದು ಬಿಟ್ಟ ಮೇವು ಕರಕ್ಕ ಹಾಕೂದನ್ನ ಬಿಡ್ರಿ, ಭಾಳ ಮಂದಿ ತಪ್ಪೂದು ಅಲ್ಲೇ. ಹೆಂಡಿ ಎಳೆಯೂ ಸಲಿಕಿ ಬ್ಯಾರೆ, ಕರದ ಮೇವಿನ ಬುಟ್ಟಿ ಬ್ಯಾರೆ. ಕರಕ್ಕ ಹಾಕೂ ಮೇವು ಬೆಳೆಯೂ ಹೊಲಕ್ಕ ಆ ವರ್ಷ ಹಸಿ ಗೊಬ್ಬರ ಹಾಕಬ್ಯಾಡ್ರಿ.

ತಾಯಿಗೆ ಜೋನ್ಸ್ ಇದ್ರ ಅದರ ಗಿಣ್ಣದ ಹಾಲು ಬ್ಯಾಡ. ರೋಗ ಇಲ್ಲದ ಬ್ಯಾರೆ ಎಮ್ಮಿದು ಮೊದಲ 6 ತಾಸಿನ ಒಳಗ ಕರದ ತೂಕದ ಹತ್ತನೇ ಒಂದು ಪಾಲು, 30 ಕೆಜಿ ಕರಕ್ಕ 3 ಲೀಟರ್, ಎರಡು ಸಲ ಮಾಡಿ ಕುಡಸ್ರಿ.

ಅಥಣಿ_ಹೈನು:
ಬೇರೆ ಎಮ್ಮೆಯ ಗಿಣ್ಣದ ಹಾಲು ಸಿಗದಿದ್ದರೆ ಇದ್ದದ್ದನ್ನೇ 60 ಡಿಗ್ರಿಯಲ್ಲಿ 60 ನಿಮಿಷ ಕಾಯಿಸಿ ಕುಡಿಸಬಹುದು. ರೋಗಾಣು ಬಹಳ ಮಟ್ಟಿಗೆ ತಗ್ಗುತ್ತದೆ, ಪ್ರತಿಕಾಯ ಉಳಿಯುತ್ತದೆ. ನೇರ ಒಲೆಯ ಮೇಲಿಡಬೇಡಿ. ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿ ಸಣ್ಣ ಪಾತ್ರೆ ಇಟ್ಟು, ಥರ್ಮಾಮೀಟರ್ ಹಾಲಿನಲ್ಲೇ ಅದ್ದಿ, ಕೈಯಾಡಿಸುತ್ತಿರಿ. 63 ದಾಟಿತೋ, ಅದು ಕರು ಕುಡಿಯುವ ಹಾಲಲ್ಲ, ಬೆಲ್ಲ ಏಲಕ್ಕಿ ಹಾಕಿ ನಾವು ತಿನ್ನುವ ಗಿಣ್ಣ.